ಬ್ಲಾಮಿಡನ್‌ನ ಕೊನೆಯ ಇಳಿತ

ಯಾವ ಯುದ್ಧಕ್ಕೆಂದು ನಮ್ಮ ಬ್ಲಾಮಿಡನ್ ಹಡಗನ್ನು ಕಟ್ಟಲು ಹಿಡಿದಿದ್ದರೋ ಆ ಯುದ್ಧ ಅವಳು ನೀರಿಗಿಳಿಯುವಷ್ಟರಲ್ಲಿ ಮುಗಿದೇಹೋಗಿತ್ತು. ಬೆಲ್‌ಫಾಸ್ಟಿನ ಕಟ್ಟೆಯಲ್ಲಿ ಅವಳನ್ನು ಅರ್ಧಕ್ಕೇ ಬಿಟ್ಟು ಜನ ಮನೆಗೆ ಹೋದರು. ಮಾತುಕತೆ ಮುಗಿದ ಮೇಲೆ ಗಂಡಿನ ಕಡೆಯವರು ತಿರುಗಿಯೂ ನೋಡದ ಹೆಣ್ಣಿನ ಹಾಗೆ, ವರ್ಷಗಟ್ಟಲೆ ಮಳೆಗೆ ಮೈಯೊಡ್ಡಿ ತುಕ್ಕು ಹಿಡಿಯುತ್ತ ಕೂತಿದ್ದಳು. ಕೊನೆಗೆ ನಮ್ಮ ಕೆನಡಾದವರು ಹೋಗಿ ನೋಡಿ ಒಪ್ಪಿದರು. ವಿಮಾನ ಇಳಿಯುವ ಮೇಲಿನ ಡೆಕ್ಕನ್ನು ಓರೆಯಾಗಿ ಚಾಚಿಸಿ, ವಿಮಾನ ಚಿಮ್ಮಿಸುವ ಹೊಸ ಯಂತ್ರ ಕೂರಿಸಿ, ಬಣ್ಣ ಬಳಿಸಿ ಹ್ಯಾಲಿಫ್ಯಾಕ್ಸಿಗೆ ಕರೆತಂದರು. ಅಮೆರಿಕದವರ ವಿಮಾನವಾಹಕದ ಪಕ್ಕ ನಿಂತರೆ ನಮ್ಮದು ಎತ್ತಿನ ಪಕ್ಕ ನಿಂತ ಕರು. ಆದರೆ ಆ ಕರು ಮಾಡಿದ ಕೆಲಸ ಕಡಿಮೆಯದಲ್ಲ. ಬಿರುಗಾಳಿಗೆ ಸಿಕ್ಕ ಪೋರ್ಚುಗೀಸ್ ಮೀನುಗಾರರನ್ನು ಎತ್ತಿಕೊಂಡು ಬಂದಳು. ಸೈಪ್ರಸ್ಸಿಗೆ ಸೈನಿಕರನ್ನೂ ಅವರ ಲಾರಿಗಳನ್ನೂ ಹೊತ್ತು ಹೋದಳು. ಕ್ಯೂಬಾದ ಗಲಾಟೆಯ ಅಕ್ಟೋಬರಿನಲ್ಲಿ ರಷ್ಯದವರ ಜಲಾಂತರ್ಗಾಮಿಗಳನ್ನು ಹಗಲೂ ರಾತ್ರಿ ಹುಡುಕಿದಳು. ಅವುಗಳಲ್ಲಿ ಒಂದನ್ನು ಮೂರು ದಿನ ಬೆನ್ನಟ್ಟಿದ ಮೇಲೆ ಅದು ನೀರು ಚಿಮ್ಮಿಸಿತು. ತಿಮಿಂಗಿಲ.

ನಾನು ಹಾಲಿಸ್ ಕಾರ್ಕಮ್. ಆ ಹಡಗಿನ ಡೆಕ್ಕಿನ ಮೇಲೆ ವಿಮಾನಗಳನ್ನು ಎಳೆದು, ತಿರುಗಿಸಿ, ಸಾಲಾಗಿ ಕಟ್ಟಿಹಾಕುವ ತಂಡಕ್ಕೆ ಚೀಫ್ ಆಗಿದ್ದವನು. ನನ್ನ ತಂಡದಲ್ಲಿ ಅರ್ಧಕ್ಕರ್ಧ ನಮ್ಮ ಲೂನೆನ್‌ಬರ್ಗ್ ಸೀಮೆಯ ಹಳ್ಳಿಗಳವರು. ನಮ್ಮ ಕಡೆ ಈಗಲೂ ಕಾಡಿನಿಂದ ಮರದ ದಿಮ್ಮಿ ಎಳೆಯುವುದು ಎತ್ತುಗಳೇ. ಹುಡುಗ ನಡೆಯಲು ಕಲಿಯುವ ಮೊದಲು ಎತ್ತಿಗೆ 'ಹಾ' ಅಂದರೆ ಎಡ, 'ಜೀ' ಅಂದರೆ ಬಲ ಎಂಬುದನ್ನು ಕಲಿತಿರುತ್ತಾನೆ. ನಮ್ಮ ಎರಡು ಎಳೆಯುವ ಟ್ರ್ಯಾಕ್ಟರುಗಳಿಗೆ ಬ್ರೈಟ್, ಲಯನ್ ಎಂದು ಜೋಡೆತ್ತಿನ ಹೆಸರನ್ನೇ ಇಟ್ಟಿದ್ದೆವು. ಬ್ರೈಟನ್ನು ನಡೆಸುತ್ತಿದ್ದ ಎಬೆನ್ ಝ್ವಿಕರ್ ನನ್ನ ಪಕ್ಕದ ಊರಿನವನು. ಟ್ರ್ಯಾಕ್ಟರು ಒಂದು ದಿನವಾದರೂ ಅವನ ಬಾಯಿಮಾತು ಕೇಳಿ ತಿರುಗಿದ್ದನ್ನು ಯಾರೂ ಕಂಡಿಲ್ಲ. ಆದರೂ 'ಹಾ ಬ್ರೈಟ್, ಹಾ ಮಗನೇ' ಎನ್ನದೆ ಅವನು ಸ್ಟಿಯರಿಂಗು ಮುಟ್ಟಿದವನಲ್ಲ.

ಅರವತ್ತರ ದಶಕದ ಕೊನೆಯಲ್ಲಿ ಒಟ್ಟಾವಾದಿಂದ ಅಪ್ಪಣೆ ಬಂತು. ಬ್ಲಾಮಿಡನ್ ಸಾಕು, ಗುಜರಿಗೆ ಮಾರುವುದು. ಡಚ್ಚರ ಜೊತೆ ಶರತ್ಕಾಲದ ಸಮರಾಭ್ಯಾಸ ಒಂದು ಮುಗಿಸಿ ಅವಳು ಹ್ಯಾಲಿಫ್ಯಾಕ್ಸಿಗೆ ಮರಳಬೇಕು, ಅಷ್ಟೇ. ಸುದ್ದಿ ಕೇಳಿ ಕೆಲವರು ಅತ್ತರು, ಕೆಲವರು ಕುಡಿದರು, ಲೆಫ್ಟಿನೆಂಟ್ ಕಮಾಂಡರ್ ಬರ್ಪಿ ಸ್ಟೀವ್ಸ್ ಮಾತ್ರ ನೆಟ್ಟಗೆ ಕ್ಯಾಪ್ಟನ್ನರ ಕೋಣೆಗೆ ಹೋಗಿ ಬಾಗಿಲು ತಟ್ಟಿದರು.

ಬರ್ಪಿ ನ್ಯೂ ಬ್ರನ್ಸ್‌ವಿಕ್ಕಿನ ಆಲೂಗಡ್ಡೆ ಬೆಳೆಯುವ ಮನೆತನದವರು. ಹಡಗು ಹೊಸದಾಗಿ ಬಂದಾಗ ಅವಳ ಮೇಲೆ ಮೊಟ್ಟಮೊದಲು ವಿಮಾನ ಇಳಿಸಿದವರು ಅವರೇ. ಆಗ ಮೀಸೆ ಕಪ್ಪಿತ್ತು. ಈಗ ಅವರೂ ನಿವೃತ್ತಿಗೆ ಬಂದಿದ್ದರು. ಅವರ ಬೇಡಿಕೆ ಒಂದೇ. ಮೊದಲ ಇಳಿತ ತಮ್ಮದು, ಕೊನೆಯದೂ ತಮ್ಮದೇ ಆಗಬೇಕು. ಬೇರೆ ಪದವಿ, ಪದಕ ಏನೂ ಬೇಡ. ಕ್ಯಾಪ್ಟನ್ ಪರ್ಡಿ ಒಪ್ಪಿದರು. ಅಂದಿನಿಂದ ಬರ್ಪಿಯವರು ಪ್ರತಿದಿನ ಬೆಳಿಗ್ಗೆ ಗಡ್ಡ ಹೆರೆಯುತ್ತ ಕನ್ನಡಿಯ ಮುಂದೆ ಭಾಷಣ ಅಭ್ಯಾಸ ಮಾಡುವುದು ಇಡೀ ಹಡಗಿಗೆ ಕೇಳಿಸತೊಡಗಿತು. "ಗೆಳೆಯರೇ, ಈ ಡೆಕ್ಕನ್ನು ನಾನು ನನ್ನ ಅಂಗೈಯಷ್ಟೇ ಚೆನ್ನಾಗಿ ಬಲ್ಲೆ..." ಅಡುಗೆಮನೆಯವರು ಕೂಡ ಹಿಟ್ಟು ನಾದುತ್ತ ಅದನ್ನೇ ಗುನುಗುತ್ತಿದ್ದರು.

ಆ ದಿನ ಬಂತು. ಅಡ್ಮಿರಲ್ ಸಾಹೇಬರು ಹೆಲಿಕಾಪ್ಟರಿನಲ್ಲಿ ಬಂದಿಳಿದಿದ್ದರು, ಜೊತೆಗೆ ಪತ್ರಿಕೆಯ ಫೋಟೋದವನು. ಏರ್ಪಾಡು ಹೀಗಿತ್ತು. ಜಲಾಂತರ್ಗಾಮಿ ಹುಡುಕುವ 'ಟ್ರ್ಯಾಕರ್' ಎಂಬ ಎರಡು ವಿಮಾನಗಳು ಹಾರಿ ಹೋಗಿ ಡಚ್ಚರ ಜೊತೆ ಅಭ್ಯಾಸ ಮುಗಿಸಿ ಬರಬೇಕು. ಮೊದಲು ಹುಡುಗ ಪೈಲಟ್ ಓರಿನ್ ತಿಬೊಡೋ ಇಳಿಯುವುದು, ಆಮೇಲೆ ಬರ್ಪಿ. ಅಭ್ಯಾಸದ ನಿಯಮದ ಪ್ರಕಾರ ಮಧ್ಯಾಹ್ನದ ಊಟದ ಹೊತ್ತಿನವರೆಗೆ ಯಾರೂ ರೇಡಿಯೋದಲ್ಲಿ ಬಾಯಿ ತೆರೆಯುವಂತಿಲ್ಲ.

"ಚೀಫ್, ಬರ್ಪಿ ಸಾಹೇಬ್ರ ಬೂಟು ನೋಡಿದ್ರಾ? ಮದುವೆ ಗಂಡು ನಾಚಬೇಕು," ಅಂದ ಎಬೆನ್.

"ಕೇಳಿಸ್ತದೆ ಕಣೋ, ಮೆಲ್ಲಗೆ."

"ಕೇಳಿಸ್ಲಿ ಬಿಡಿ," ಎಂದು ಬರ್ಪಿಯೇ ರೆಕ್ಕೆಯ ಕೆಳಗಿಂದ ಬಗ್ಗಿ ಬಂದರು. "ಹಾಲಿಸ್, ಇವತ್ತು ಮಂಜು ಬರೋ ಹಾಗಿದೆ ಅಲ್ವಾ?"

"ಬರಬಹುದು ಸರ್. ಬೇಗ ಬಂದುಬಿಡಿ."

"ಮಂಜು ಬಂದ್ರೆ ನನಗೇನಯ್ಯಾ? ಈ ಹೆಂಗಸಿನ ಮೇಲೆ ನಾನು ಕಣ್ಣು ಮುಚ್ಕೊಂಡು ಇಳೀತೀನಿ."

ಅವರು ಹಾರಿದರು. ಊಟದ ಹೊತ್ತಿಗೆ ಇನ್ನೂ ಸಮಯವಿರುವಾಗಲೇ ಮಂಜು ಬಂತು. ಗ್ರ್ಯಾಂಡ್ ಬ್ಯಾಂಕ್ಸ್ ಕಡಲಿನ ಮಂಜು ಅಂದರೆ ಕೈಯಲ್ಲಿ ಹಿಡಿದು ಹಿಂಡಬಹುದು. ಕ್ಯಾಪ್ಟನ್ನರು ತಿಳಿಯಾದ ಜಾಗ ಹುಡುಕಿ ಹಡಗನ್ನು ದಕ್ಷಿಣಕ್ಕೆ ತಿರುಗಿಸಿದರು. ಮಂಜಿನ ಅಂಚು ದಾಟಿ ಬಿಸಿಲಿಗೆ ಬಂದಾಗ ತಿಬೊಡೋ ನಮ್ಮನ್ನು ಪತ್ತೆ ಹಚ್ಚಿ ಇಳಿದ. ಇಳಿದ ಎನ್ನುವುದು ದೊಡ್ಡ ಮಾತು. ಅವನ ವಿಮಾನ ಮೊದಲು ಎಡಗಾಲಿನ ಮೇಲೆ ಬಿತ್ತು, ಆಮೇಲೆ ಬಲಗಾಲಿನ ಮೇಲೆ ಕುಪ್ಪಳಿಸಿತು, ಟೈರು ಢಮ್ಮೆಂದಿತು. ಬಾಲದ ಕೊಕ್ಕೆ, ಡೆಕ್ಕಿಗೆ ಅಡ್ಡ ಬಿಗಿದ ಐದು ತಡೆಹಗ್ಗಗಳಲ್ಲಿ ಕೊನೆಯದಕ್ಕೆ ಸಿಕ್ಕಿ ನಿಂತಾಗ ವಿಮಾನ ತಲೆ ಓರೆ ಮಾಡಿಕೊಂಡು, ಏನು ನಡೆಯಿತು ಎಂದು ನಮ್ಮನ್ನೇ ಕೇಳುವ ಹಾಗೆ ನಿಂತಿತ್ತು.

ಬರ್ಪಿ ಬರಲಿಲ್ಲ.

ಎಲ್ಲರೂ ಮಂಜಿನ ಗೋಡೆಯನ್ನೇ ನೋಡುತ್ತ ನಿಂತೆವು. ವಿಮಾನದಲ್ಲಿ ಎಷ್ಟು ಎಣ್ಣೆ ಇರುತ್ತದೆ ಎಂಬುದು ಅಲ್ಲಿ ಎಲ್ಲರಿಗೂ ಗೊತ್ತು. ಎಬೆನ್ ತಮಾಷೆ ಬಿಟ್ಟು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. ಆಗ ಕ್ಯಾಪ್ಟನ್ನರು ನಿಂತು ಹಡಗು ನಡೆಸುವ ಗೋಪುರದ ಮೇಲೆ ಯಾರೋ ಕಿರುಚಿದರು. ಅಭ್ಯಾಸದ ಗಡುವು ಮುಗಿದು ರೇಡಿಯೋ ಬಾಯಿ ಬಿಟ್ಟಿತ್ತು. ಡಚ್ಚರ ಹಡಗಿನ ಸಂದೇಶ. ಧ್ವನಿವರ್ಧಕದಲ್ಲಿ ಓದುತ್ತಿದ್ದ ಹುಡುಗನ ದನಿ ನಡುವೆಯೇ ಒಡೆಯಿತು:

"ನಿಮ್ಮ ಕರುವೊಂದು ನಮ್ಮ ಕೊಟ್ಟಿಗೆಗೆ ಬಂದಿದೆ. ಹುಲ್ಲು ಹಾಕಿದ್ದೇವೆ. ಕಟ್ಟಿಹಾಕೋಣವೋ, ಬಿಡೋಣವೋ?"

ಡೆಕ್ಕಿನ ಆ ತುದಿಯಿಂದ ಈ ತುದಿಯವರೆಗೆ ನಗು ಹುಲ್ಲಿಗೆ ಬೆಂಕಿ ಬಿದ್ದ ಹಾಗೆ ಹಬ್ಬಿತು. ಬದುಕಿದ್ದಾರೆ ಎಂಬ ಸಂತೋಷಕ್ಕೋ, ಎಲ್ಲಿ ಬದುಕಿದ್ದಾರೆ ಎಂಬುದಕ್ಕೋ, ಎಬೆನ್ ಬ್ರೈಟ್‌ನ ಮೂತಿಯ ಮೇಲೆ ಕವುಚಿ ಬಿದ್ದು ನಕ್ಕ.

ಅಲ್ಲಿ ನಡೆದದ್ದನ್ನು ಬರ್ಪಿಯವರ ಪಕ್ಕ ಕೂತಿದ್ದ ಸಹಪೈಲಟ್ ಗಾರ್ನೆಟ್ ಟಿಂಗ್ಲಿ ಆಮೇಲೆ ನಮಗೆಲ್ಲ ಹೇಳಿದ. ಕೇಳಿದವರು ಇನ್ನೊಮ್ಮೆ ಹೇಳಿಸಿದರು. ಆ ಡಚ್ಚರ ಹಡಗೂ ನಮ್ಮದೂ ಅಕ್ಕತಂಗಿಯರು. ಒಂದೇ ಅಚ್ಚು, ಒಂದೇ ಓರೆ ಡೆಕ್ಕು, ಅದೇ ಬೂದು ಬಣ್ಣ. ಬ್ರಿಟಿಷರು ಯುದ್ಧ ಮುಗಿದ ಮೇಲೆ ಒಬ್ಬೊಬ್ಬಳನ್ನು ಒಂದೊಂದು ದೇಶಕ್ಕೆ ಕೊಟ್ಟು ಕಳಿಸಿದ್ದರು. ನಾವು ದಕ್ಷಿಣಕ್ಕೆ ಸರಿದದ್ದು ಗೊತ್ತಿಲ್ಲದೆ, ನಮ್ಮ ಹಡಗು ಇರಬೇಕಾದ ಜಾಗಕ್ಕೆ ಬರ್ಪಿ ಬಂದಾಗ, ಮಂಜಿನ ತೂತಿನಲ್ಲಿ ಡೆಕ್ಕೊಂದು ಕಂಡಿತು.

"ಸರ್, ಅದ್ರ ಗೋಪುರ ಯಾಕೋ..." ಎಂದು ಗಾರ್ನೆಟ್ ಶುರುಮಾಡಿದ.

"ಗಾರ್ನೆಟ್, ಬಾಯ್ಮುಚ್ಚು. ಇದು ನನ್ನ ಬದುಕಿನ ಕೊನೇ ಇಳಿತ."

"ಸರಿ ಸರ್. ಆದ್ರೆ ಬಾವುಟ..."

"ಬಾಯ್ಮುಚ್ಚು ಅಂದೆ."

ಇಳಿತ ಬೆಣ್ಣೆಯಂತಿತ್ತು. ಜೀವಮಾನದಲ್ಲೇ ಅಷ್ಟು ಚೆಂದ ಅವರು ಇಳಿದಿರಲಿಲ್ಲವಂತೆ. ಇಂಜಿನ್ ಆರಿಸಿ, ಕಣ್ಣೊರೆಸಿಕೊಂಡು, ಮೇಲಿನ ಬಾಗಿಲು ತೆರೆದು ಹೊರಗೆ ನಿಂತರು. ಸುತ್ತ ಡೆಕ್ಕಿನವರು ಓಡಿಬಂದು ಸೇರಿದರು. ಮುಖಗಳನ್ನು ನೋಡಲಿಲ್ಲ. ನೋಡಿದರೆ ಅಳು ಬರುತ್ತದೆಂದು ದೂರದ ಕಡಲನ್ನೇ ನೋಡುತ್ತ ಶುರುಮಾಡಿದರು: "ಗೆಳೆಯರೇ, ಈ ಡೆಕ್ಕನ್ನು ನಾನು ನನ್ನ ಅಂಗೈಯಷ್ಟೇ ಚೆನ್ನಾಗಿ ಬಲ್ಲೆ." ಒಂದಕ್ಷರ ಬಿಡದೆ ಪೂರ್ತಿ ಹೇಳಿದರು. ಬೆಲ್‌ಫಾಸ್ಟು, ಬಿರುಗಾಳಿ, ಸೈಪ್ರಸ್ಸು, ಎಲ್ಲ. ಡಚ್ಚರು ಬಹಳ ಮರ್ಯಾದಸ್ಥ ಜನ. ಕೊನೆಯವರೆಗೂ ಕೇಳಿ ಚಪ್ಪಾಳೆ ಹೊಡೆದರು. ಆಮೇಲೆ ಅವರ ಅಧಿಕಾರಿಯೊಬ್ಬ ಮುಂದೆ ಬಂದು ಸಲಾಮು ಹೊಡೆದು, ತುಂಬ ಮನಸ್ಸು ತಟ್ಟಿತು, ಊಟಕ್ಕೆ ಬಟಾಣಿ ಸಾರು ಇದೆ, ಬರಬೇಕು ಅಂದನಂತೆ.

ಗಾರ್ನೆಟ್ ಹೇಳುವಂತೆ ಬರ್ಪಿಯವರು ಸಾರಿನ ಬಟ್ಟಲಿನ ಮುಂದೆ ಚಮಚ ಹಿಡಿದು ಕೂತೇ ಇದ್ದರು. ಅಷ್ಟರಲ್ಲಿ ಮೇಲೆ ಬೇರೆ ಕೆಲಸ ನಡೆದಿತ್ತು. ಕಡಲ ಮೇಲೆ ಹಾರುವವರಲ್ಲಿ ಒಂದು ಪದ್ಧತಿಯಿದೆ. ತಪ್ಪಿ ಬೇರೆಯವರ ಹಡಗಿಗಿಳಿದ ವಿಮಾನ ಆ ಹಡಗಿನ ಬಣ್ಣ ಬಳಿಯುವವರ ಪಾಲು. ಅದರ ಮೇಲೆ ಏನು ಬೇಕಾದರೂ ಬರೆಯಬಹುದು, ಯಾರೂ ದೂರುವಂತಿಲ್ಲ.

ಇತ್ತ ನಮ್ಮಲ್ಲಿ ಕ್ಯಾಪ್ಟನ್ ಪರ್ಡಿಯವರ ಕಿವಿ ಕೆಂಪಾಗಿತ್ತು. ಅಡ್ಮಿರಲ್ ಪಕ್ಕದಲ್ಲೇ ನಿಂತಿದ್ದಾರೆ, ಫೋಟೋದವನು ನಗು ತಡೆಯಲಾರದೆ ಕ್ಯಾಮೆರಾಕ್ಕೆ ಮುಖ ಮುಚ್ಚಿದ್ದಾನೆ.

"ಅಲ್ಲೇ ಇರಲಿ ಅವನು," ಅಂದರು ಕ್ಯಾಪ್ಟನ್. "ಡಚ್ಚರು ಹ್ಯಾಲಿಫ್ಯಾಕ್ಸಿಗೆ ಬಂದಾಗ ಕ್ರೇನಿನಲ್ಲಿ ಇಳಿಸ್ಕೊಳ್ಳೋಣ. ಕೊನೇ ಇಳಿತ ತಿಬೊಡೋನದು. ಡೆಕ್ ಮುಚ್ಚಿ."

ಡೆಕ್ ಮುಚ್ಚುವುದೆಂದರೆ ಸುಮ್ಮನೆ ಅಲ್ಲ. ಕೊನೆಯ ಇಳಿತ ಆಯಿತೆಂದರೆ ವಿಮಾನ ತಡೆಯುವ ಉಕ್ಕಿನ ಹಗ್ಗಗಳನ್ನು ಬಿಚ್ಚಿ, ಗೇಣುದ್ದದ ತುಂಡು ಮಾಡಿ, ಹಡಗಿನವರೆಲ್ಲ ಹಂಚಿಕೊಳ್ಳಬಹುದೆಂದು ಕ್ಯಾಪ್ಟನ್ನರೇ ಮೊದಲೇ ಮಾತು ಕೊಟ್ಟಿದ್ದರು. ಮಾತು ಅವರ ಬಾಯಿಂದ ಬಿದ್ದದ್ದೇ ತಡ, ನನ್ನ ತಂಡ ಕಟ್ಟರುಗಳನ್ನು ಹಿಡಿದು ಹಗ್ಗಗಳ ಮೇಲೆ ಬಿತ್ತು. ಹಂದಿ ಕೊಯ್ದ ಮನೆಯ ಅಂಗಳದಂತಾಯಿತು ಡೆಕ್ಕು. ಒಬ್ಬ ತನ್ನ ಮಾವನಿಗೊಂದು ಅಂತಾನೆ, ಇನ್ನೊಬ್ಬ ಪಾದ್ರಿಗೊಂದು ಅಂತಾನೆ. ನಾನೂ ಒಂದು ತುಂಡು ಜೇಬಿಗಿಟ್ಟುಕೊಂಡೆ, ಸುಳ್ಳೇಕೆ.

ಐದರಲ್ಲಿ ಮೂರು ಹಗ್ಗ ಹೋಗಿದ್ದವು. ಆಗ ಧ್ವನಿವರ್ಧಕ ಮತ್ತೆ ಬಾಯಿಬಿಟ್ಟಿತು. ಈ ಸಲ ಬರ್ಪಿಯವರದೇ ದನಿ, ಗೊಗ್ಗರು ಗೊಗ್ಗರಾಗಿ.

"ಬ್ಲಾಮಿಡನ್, ನಾನು ಬರ್ಪಿ. ಡಚ್ಚರ ಡೆಕ್ ಬಿಟ್ಟು ಹಾರಿದೀನಿ. ಮನೆಗೆ ಬರ್ತಿದೀನಿ. ಜಾಗ ಮಾಡಿ."

ಎಲ್ಲರ ಕೈಯಲ್ಲೂ ಕಟ್ಟರು ಹಾಗೇ ನಿಂತಿತು.

"ಬೇಡ," ಅಂದರು ಕ್ಯಾಪ್ಟನ್. "ವಾಪಸ್ ಹೋಗು."

ಆ ಕಡೆಯಿಂದ ಬರ್ಪಿ ಅಂದರು, "ಪರ್ಡಿ ಸರ್, ಇನ್ನೊಂದು ಸಲ ಅಲ್ಲಿಗೆ ಹೋಗು ಅನ್ಬೇಡಿ. ಬೇಕಾದ್ರೆ ನೀರಿಗಿಳೀತೀನಿ."

ಕ್ಯಾಪ್ಟನ್ನರು ಗೋಪುರದಿಂದ ಬಗ್ಗಿ ನನ್ನನ್ನು ಕೂಗಿದರು. "ಚೀಫ್! ಹಗ್ಗ ಏನಾದ್ರೂ ಉಳಿದಿದೆಯೋ, ಎಲ್ಲಾ ತಿಂದು ಮುಗಿಸಿದ್ರೋ?"

"ಎರಡಿದೆ ಸರ್. ಎಬೆನ್ ಒಂದರ ಮೇಲೆ ಕೂತಿದ್ದಾನೆ."

"ಎದ್ದೇಳೋಕೆ ಹೇಳು ಅವನಿಗೆ!"

ಆಗ ತಿಬೊಡೋ ಮುಂದೆ ಬಂದ. ಹುಡುಗನಿಗೆ ಆ ಗೌರವ ಬಿಟ್ಟಿಯಾಗಿ ಸಿಕ್ಕಿತ್ತು, ಬಿಡಲು ಕಾರಣವಿರಲಿಲ್ಲ. ಟೋಪಿ ಕಂಕುಳಿಗಿಟ್ಟುಕೊಂಡು ಮೇಲೆ ನೋಡಿ ಹೇಳಿದ: "ಸರ್, ನನ್ನ ಇಳಿತ ನೀವೇ ನೋಡಿದ್ರಿ. ಅದು ಈ ಹಡಗಿನ ಕೊನೇ ಇಳಿತ ಅಂದ್ರೆ ಬೆಲ್‌ಫಾಸ್ಟಿನಲ್ಲಿ ಇವಳನ್ನ ಕಟ್ಟಿದೋರು ಗೋರಿಯಿಂದ ಎದ್ದು ಬರ್ತಾರೆ. ದಯವಿಟ್ಟು ಬರ್ಪಿ ಸರ್‌ಗೆ ಕೊಡಿ."

ಅಡ್ಮಿರಲ್ ಸಾಹೇಬರು ಕರವಸ್ತ್ರ ತೆಗೆದು ಮೂಗು ಒರೆಸಿಕೊಂಡರು. "ಪರ್ಡಿ, ಹೆಂಡತಿ ಬಾಗಿಲು ತೆಗೀದೆ ಇದ್ರೆ ಗಂಡ ಎಲ್ಲಿಗೆ ಹೋಗ್ಬೇಕಯ್ಯಾ? ಬರ್ಲಿ ಬಿಡಿ," ಅಂದರು.

ನಾವು ಎರಡೇ ಎರಡು ಹಗ್ಗ ಬಿಗಿದೆವು. ತುಂಡುಗಳನ್ನೆಲ್ಲ ಬಾಚಿ ಡೆಕ್ಕು ಚೊಕ್ಕ ಮಾಡಿದೆವು. ಒಂದು ತುಂಡು ಚಕ್ರಕ್ಕೆ ಸಿಕ್ಕರೂ ಕೆಟ್ಟಿತು ಎಂದು, ಜೇಬಿನಿಂದ ಜಾರಿದವನ್ನೂ ಹುಡುಕಿ ಹೆಕ್ಕಿದೆವು. ನಂತರ, ಜಾರಿದವರನ್ನು ಹಿಡಿಯಲೆಂದು ಡೆಕ್ಕಿನ ಬದಿಗೆ ಕಟ್ಟಿದ ಬಲೆಗಳೊಳಗೆ ಸರಿದು ಮಲಗಿದಂತೆ ಕೂತೆವು. ಮಂಜು ಆ ಕಡೆ ಹಸಿ ಉಣ್ಣೆಯ ರಾಶಿಯ ಹಾಗೆ ಬಿದ್ದಿತ್ತು. ಇಂಜಿನ್ ಸದ್ದು ಮೊದಲು ಬಂತು. ಆಮೇಲೆ ಅದರೊಳಗಿಂದ ಅದು ಹೊರಬಂತು.

"ಅಯ್ಯೋ ದೇವರೇ," ಅಂದ ಎಬೆನ್. "ಚೀಫ್, ನನಗೆ ಕಾಣ್ತಿರೋದೇ ನಿಮಗೂ ಕಾಣ್ತಿದೆಯಾ?"

"ಏನು ಕಾಣ್ತಿದೆ ನಿನಗೆ?"

"ನೀವೇ ಹೇಳಿ, ಆಮೇಲೆ ನಾನು ಹೇಳ್ತೀನಿ."

ಹಸು. ಡಚ್ಚರ ಫ್ರೀಸ್‌ಲ್ಯಾಂಡ್ ತಳಿಯ ಕಪ್ಪು ಬಿಳುಪು ಹಸು ಕಡಲ ಮೇಲೆ ಹಾರಿ ಬರುತ್ತಿತ್ತು. ಮೈಯೆಲ್ಲ ದೊಡ್ಡ ದೊಡ್ಡ ಮಚ್ಚೆ. ಮೂತಿಯಲ್ಲಿ ಒದ್ದೆ ಮೂಗು, ಉದ್ದ ರೆಪ್ಪೆಯ ಎರಡು ನಾಚಿಕೆಯ ಕಣ್ಣು. ರೆಕ್ಕೆ ವಾಲಿಸಿ ತಿರುಗಿದಾಗ ಹೊಟ್ಟೆಯ ಕೆಳಗೆ ಹೊಚ್ಚ ಗುಲಾಬಿ ಬಣ್ಣದ ಕೆಚ್ಚಲು, ನಾಲ್ಕು ಮೊಲೆ. ಬಾಲದ ತುದಿಗೆ ಯಾರೋ ಪುಣ್ಯಾತ್ಮ ಹುರಿ ಬಿಚ್ಚಿದ ಹಗ್ಗದ ಕುಚ್ಚು ಕಟ್ಟಿದ್ದ. ಅದು ಗಾಳಿಗೆ ನೊಣ ಓಡಿಸುವ ಹಾಗೆ ಆಡುತ್ತಿತ್ತು. ನನ್ನ ಪಕ್ಕದವನು ಬಲೆಯೊಳಗೇ ಹೊರಳಿದ. ಗೋಪುರದ ಮೇಲೆ ಅಡ್ಮಿರಲ್ ಸಾಹೇಬರು ಕಂಬಿ ಹಿಡಿದು ಬಗ್ಗಿಬಿಟ್ಟಿದ್ದರು. ಮೈ ಕುಲುಕುತ್ತಿತ್ತು, ದನಿಯಿಲ್ಲ.

ಆದರೆ ನಗುತ್ತಲೇ ನಮ್ಮೆಲ್ಲರ ಕಣ್ಣೂ ಆ ಎರಡು ಹಗ್ಗಗಳ ಮೇಲಿತ್ತು. ತಪ್ಪಿದರೆ ಮುಂದೆ ನೀರೇ. ಹಸು ಎಡಕ್ಕೆ ಸ್ವಲ್ಪ ವಾಲಿತು. ಎಬೆನ್ ಗೊತ್ತಿಲ್ಲದೆಯೇ ಕಿರುಚಿದ, "ಜೀ! ಜೀ! ಬಲಕ್ಕೆ ಬಾರೇ, ನನ್ನವ್ವಾ!" ನಾವೆಲ್ಲ ಸೇರಿದೆವು. ಲೂನೆನ್‌ಬರ್ಗಿನ ಅರ್ಧ ಸೀಮೆ ಅಲ್ಲಿ ಜೀ ಜೀ ಎಂದು ಅರಚುತ್ತಿತ್ತು. ಹಸು ಸರಿಯಾಯಿತು. ಹಿಂಗಾಲು ಡೆಕ್ಕಿಗೆ ತಾಗಿತು, ಕೊಕ್ಕೆ ಮೊದಲ ಹಗ್ಗವನ್ನು ಹಾರಿತು, ಎರಡನೆಯದಕ್ಕೆ ಸಿಕ್ಕಿತು. ಹಗ್ಗ ಮೊರೆಯುತ್ತ ಬಿಚ್ಚಿಕೊಂಡು ಎಳೆಯಿತು, ಎಳೆಯಿತು. ಹಸು ಮೂಗು ಬಗ್ಗಿಸಿ, ಡೆಕ್ಕಿನ ಅಂಚು ಇನ್ನೂ ದೂರವಿರುವಾಗಲೇ, ಮೇವು ಕಂಡ ಹಾಗೆ ಗಕ್ಕನೆ ನಿಂತಿತು.

ಆಮೇಲಿನ ಗದ್ದಲವನ್ನು ನನ್ನಿಂದ ಹೇಳಲಾಗದು. ಬಾಯ್ಲರು ನೋಡಿಕೊಳ್ಳುವ ಸ್ಟೋಕರುಗಳು ಕೆಳಗಿನಿಂದ ಮಸಿ ಮುಖದಲ್ಲೇ ಓಡಿಬಂದರು. ಅಡುಗೆಯವನೊಬ್ಬ ಹಾಲಿನ ಬಕೆಟ್ಟು ತಂದು ಕೆಚ್ಚಲಿನ ಕೆಳಗಿಟ್ಟು ಮುಕ್ಕಾಲಿಯ ಮೇಲೆ ಕೂತ. ಮೇಲಿನ ಬಾಗಿಲು ತೆರೆಯಿತು. ಬರ್ಪಿ ಎದ್ದು ನಿಂತರು. ಮುಖ ಕಲ್ಲು. ನಗು ಒಮ್ಮೆಗೇ ನಿಂತಿತು.

"ಭಾಷಣ ಸರ್!" ಎಂದ ಯಾರೋ ಹಿಂದಿನಿಂದ.

"ಅದು ಆಗ್ಲೇ ಆಗೋಯ್ತು," ಅಂದರು ಬರ್ಪಿ. "ಬೇಕಾದವರು ಆಮ್‌ಸ್ಟರ್‌ಡ್ಯಾಮಿಗೆ ಹೋಗಿ ಕೇಳ್ಕೊಳ್ಳಿ."

ಕೆಳಗಿಳಿದು, ತಮ್ಮ ವಿಮಾನವನ್ನು ಮೊದಲ ಸಲ ಹೊರಗಿನಿಂದ ಸುತ್ತ ನೋಡುತ್ತ ಬಂದರು. ಡಚ್ಚರು ಅವರನ್ನು ಊಟದಿಂದ ನೇರ ಕಣ್ಣಿಗೆ ಕೈ ಅಡ್ಡ ಹಿಡಿದೇ ಕೂರಿಸಿದ್ದರಂತೆ. ಮೂತಿ ನೋಡಿದರು. ಮಚ್ಚೆ ನೋಡಿದರು. ಕೆಚ್ಚಲಿನ ಹತ್ತಿರ ಬಂದು, ಮುಕ್ಕಾಲಿಯ ಮೇಲಿದ್ದ ಅಡುಗೆಯವನನ್ನು ನೋಡಿ ನಿಂತರು. ಮೀಸೆ ನಡುಗತೊಡಗಿತು. ಅಳುತ್ತಾರೆ ಎಂದುಕೊಂಡೆ ನಾನು. ಅವರು ರೆಕ್ಕೆ ಹಿಡಿದುಕೊಂಡು, ಮೊಣಕಾಲು ಮಡಚಿ ಡೆಕ್ಕಿನ ಮೇಲೇ ಕೂತು ನಕ್ಕ ನಗೆಯನ್ನು ಹಡಗಿನ ಸೈರನ್ ಕೂಡ ಮುಚ್ಚುವಂತಿರಲಿಲ್ಲ.

ಸಂಜೆ ಕ್ಯಾಪ್ಟನ್ನರ ಅಪ್ಪಣೆ ಬಂತು: ಬಂದರು ಸೇರುವ ಮೊದಲು ಬಣ್ಣ ತೊಳೆಯಬೇಕು. ನೀರಿಗೆ ಹೋಗುವ ಬಣ್ಣವೇ ಅದು. ನಾನು ಹುಡುಗರನ್ನೂ ಬ್ರಷ್ಷುಗಳನ್ನೂ ಕರೆದುಕೊಂಡು ಹೋದಾಗ ಬರ್ಪಿ ಅಲ್ಲಿ ಚಕ್ರಕ್ಕೆ ಒರಗಿ ನಿಂತಿದ್ದರು.

"ಹಾಲಿಸ್, ತೊಳೀಬೇಡ."

"ಅಪ್ಪಣೆ ಸರ್. ನಾಳೆ ಬಂದರಿನ ತುಂಬ ಜನ ಇರ್ತಾರೆ. ನಿಮಗೇ ಒಳ್ಳೇದಲ್ಲ."

"ಗೊತ್ತು. ನಾನು ಎಲ್ಲಿಗೋ ಹೋಗಿ ಇಳಿದೆ ಅನ್ನೋದು ಊರಿಗೆಲ್ಲ ಗೊತ್ತಾಗ್ತದೆ." ಮೀಸೆ ಎಳೆದುಕೊಂಡರು. "ಆದ್ರೆ ಕೇಳು. ಇವಳ ಮೇಲೆ ಕೊನೇಗೆ ಇಳಿದದ್ದು ಈ ಹಸು. ಇದನ್ನ ತೊಳೆದ್ರೆ ಇಳಿದದ್ದು ಯಾರು ಅಂತಾಗ್ತದೆ? ನಾನಂತೂ ಅಲ್ಲ. ನಾನು ಅಲ್ಲಿ ಬಟಾಣಿ ಸಾರು ಕುಡೀತಿದ್ದೆ. ಪರ್ಡಿಯವರ ಹತ್ರ ನಾನು ಮಾತಾಡ್ತೀನಿ."

ಏನು ಮಾತಾಡಿದರೋ ಗೊತ್ತಿಲ್ಲ. ಬೆಳಿಗ್ಗೆ ನಾವು ಹ್ಯಾಲಿಫ್ಯಾಕ್ಸಿಗೆ ಬಂದಾಗ ಹಸು ಡೆಕ್ಕಿನ ಮುಂತುದಿಯಲ್ಲೇ ನಿಂತಿತ್ತು. ಕಟ್ಟೆಯ ಮೇಲೆ ಬ್ಯಾಂಡು ಗಂಭೀರವಾದ ಪದ ಶುರುಮಾಡಿ, ತುತ್ತೂರಿಯವರಿಗೆ ಉಸಿರು ಸಿಗದೆ ನಿಂತುಹೋಯಿತು. ಹೆಂಗಸರು ಕರವಸ್ತ್ರ ತಂದದ್ದು ಅಳಲಿಕ್ಕೆ. ಅದರಲ್ಲೇ ಬಾಯಿ ಮುಚ್ಚಿಕೊಂಡಿದ್ದರು.

ನಮ್ಮಪ್ಪ ಓಬೆಡ್ ಕಾರ್ಕಮ್ ಅಂದು ಊರಿಂದ ಬಂದಿದ್ದರು. ಹಡಗಿನ ಬಗ್ಗೆ ಅವರಿಗೆ ಎಂದೂ ಆಸಕ್ತಿ ಇರಲಿಲ್ಲ. ಬ್ರಿಜ್‌ವಾಟರಿನ ಪ್ರದರ್ಶನದಲ್ಲಿ ಅವರ ಮಾತಿಲ್ಲದೆ ಯಾವ ದನಕ್ಕೂ ಬಹುಮಾನದ ಪಟ್ಟಿ ಕಟ್ಟುತ್ತಿರಲಿಲ್ಲ. ನನ್ನನ್ನು ತಬ್ಬಿಕೊಳ್ಳುವುದು ಬಿಟ್ಟು ತಲೆಯೆತ್ತಿ ಮೇಲೆಯೇ ನೋಡುತ್ತಿದ್ದರು.

"ಆ ಹಸು ಯಾರದಪ್ಪಾ?"

ನನ್ನ ಹಿಂದೆ ಏಣಿಯಿಂದ ಬರ್ಪಿ ಇಳಿಯುತ್ತಿದ್ದರು, ಅವರ ಹಿಂದೆ ಕ್ಯಾಪ್ಟನ್, ಫೋಟೋದವನು. ನಾನು ಬಾಯಿ ತೆರೆಯುವಷ್ಟರಲ್ಲಿ ಬರ್ಪಿಯೇ ಮುಂದೆ ಬಂದರು.

"ನಂದೇ ಯಜಮಾನ್ರೇ."

"ಡಚ್ಚರದಲ್ವಾ ತಳಿ?"

"ಹೌದು. ನಿನ್ನೆ ಅವರ ಹತ್ರ ಹೋಗಿದ್ದೆ. ಈ ಹಡಗಿನ ಮೇಲೆ ಇನ್ಯಾರೂ ಇಳಿಯೋ ಹಾಗಿಲ್ಲ. ಕೊನೇಗೆ ಇಳಿದದ್ದು ನಾನು ಮತ್ತೆ ಇವಳು."

ಅಪ್ಪ ಕಣ್ಣು ಕಿರಿದು ಮಾಡಿ, ಮೂತಿಯಿಂದ ಬಾಲದವರೆಗೆ ನಿಧಾನವಾಗಿ ಅಳೆದರು. ಹಿಂದೆ ಏಣಿಯ ಮೇಲೆ ಜನ ಸಾಲುಗಟ್ಟಿ ನಿಂತರು. ಕ್ಯಾಪ್ಟನ್ನರು ಕೆಮ್ಮಿದರು.

"ನೊಗಕ್ಕೆ ಆಗಲ್ಲ," ಅಂದರು ಅಪ್ಪ ಕೊನೆಗೆ. "ಕಾಲು ಗಿಡ್ಡ. ಆದ್ರೆ ಕೆಚ್ಚಲು ನೋಡಿ, ಏನು ಕೂತಿದೆ! ಬೆನ್ನೂ ನೇರ. ಹೆಸರೇನು ಇಟ್ಟಿದೀರಿ?"

"ಇನ್ನೂ ಇಟ್ಟಿಲ್ಲ," ಅಂದರು ಬರ್ಪಿ. "ಒಳ್ಳೇದೊಂದು ಹೇಳಿ."

ಅಪ್ಪ ಹಡಗಿನ ಹಗ್ಗ ಕಟ್ಟುವ ಕಬ್ಬಿಣದ ಗೂಟದ ಮೇಲೆ ಕೂತು, ಪೈಪು ತೆಗೆದು, ಯೋಚನೆಗೆ ಬಿದ್ದರು. ಬರ್ಪಿಯೂ ಪಕ್ಕದಲ್ಲಿ ಕೂತರು.